ಅಕ್ಷರವಿನ್ಯಾಸವೆಂಬ ಕಾಯಕ

ತಾವರಗೇರಾದಂತಹ ಊರುಗಳಲ್ಲಿ ಇಂದು ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅಂಗಡಿಯ ನಾಮಫಲಕ, ಅಭಿನಂದನೆಯ ಫ್ಲೆಕ್ಸ್ ಇವೆಲ್ಲವೂ ಗಣಕಯಂತ್ರದ ಮುಂದೆ ಕುಳಿತ ತರುಣ ತರುಣಿಯರ ಕೈಯಿಂದಲೇ ಸಿದ್ಧವಾಗಿ ಹೊರಬರುತ್ತವೆ. ಹಿಂದೆ ಕುಂಚ ಹಿಡಿದ ಪೇಂಟರನು ಗೋಡೆಯ ಮೇಲೆ ಮಾಡುತ್ತಿದ್ದ ಕೆಲಸಕ್ಕೆ ಈಗ ಗ್ರಾಫಿಕ್ ಡಿಸೈನ್ ಎಂಬ ಹೆಸರು ಬಂದಿದೆ. ಮಗನೋ ಮಗಳೋ ಈ ವೃತ್ತಿಯನ್ನು ಹಿಡಿಯುತ್ತೇನೆಂದಾಗ ಮನೆಯ ಹಿರಿಯರ ಮುಖ ಚಿಕ್ಕದಾಗುವುದುಂಟು. ಪತ್ರಿಕೆ ಹೊಂದಿಸಿಕೊಡುವುದರಲ್ಲಿ ಬಾಳು ಎಷ್ಟು ದೂರ ಸಾಗೀತು ಎಂಬುದು ಅವರ ಚಿಂತೆ. ಅದು ಅಕಾರಣವಾದ ಚಿಂತೆಯೆಂದು ನಾವು ಹೇಳಲಾರೆವು. ಆದರೆ ಈ ವೃತ್ತಿಯ ಆಳವನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಆದಕಾರಣ ಈ ಲೇಖನ.

ಮೊದಲಿಗೆ ಒಂದು ಮಾತನ್ನು ಮನಗಾಣಬೇಕು. ಕನ್ನಡದಲ್ಲಿ ವಿನ್ಯಾಸವೆಂದರೆ ಬಣ್ಣ, ಭಾವಚಿತ್ರ, ಬಳ್ಳಿಯ ಅಂಚು ಇಷ್ಟೇ ಅಲ್ಲ; ಅದರ ಜೀವಾಳ ಅಕ್ಷರ. ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಅಕ್ಷರ ಎದ್ದು ಕಾಣಲೆಂದು ಸುತ್ತಲೂ ದಪ್ಪ ಅಂಚು ಕಟ್ಟಿದಾಗ ಆ ಸೀಳು ಮುಚ್ಚಿಹೋಗುತ್ತದೆ. ಆಗ 'ಧನಸಹಾಯ' ಮಾಡಿದ ದಾನಿಗಳು 'ದನಸಹಾಯ' ಮಾಡಿದವರಾಗುತ್ತಾರೆ! ಪಕಾರ ಫಕಾರಗಳ ಪಾಡೂ ಇದೇ. ಇನ್ನು ಒತ್ತಕ್ಷರ. ಇಂಗ್ಲಿಷ್ ಸಾಲು ಒಂದೇ ಗೆರೆಯ ಮೇಲೆ ಓಡುತ್ತದೆ. ನಮ್ಮ 'ಸ್ತ್ರೀ' ಎಂಬ ಒಂದಕ್ಷರದಲ್ಲಿ ಮೂಲಾಕ್ಷರ, ಅದಕ್ಕೆ ಎರಡು ಒತ್ತು, ಮೇಲೆ ಗುಣಿತ, ಪಕ್ಕದಲ್ಲಿ ದೀರ್ಘ ಇಷ್ಟೆಲ್ಲ ಕೂಡಿ ನಿಲ್ಲಬೇಕು. ಸಾಲುಗಳನ್ನು ಇಂಗ್ಲಿಷಿನ ಅಳತೆಯಲ್ಲಿ ಒತ್ತಾಗಿ ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ತುಳಿಯುತ್ತದೆ. 'ಅರ್ಕ' ಎನ್ನುವಲ್ಲಿ ರಕಾರವನ್ನು ಮೊದಲು ನುಡಿಯುತ್ತೇವೆ, ಆದರೆ ಕೊನೆಯಲ್ಲಿ ಬರೆಯುತ್ತೇವೆ. ಈ ಮರ್ಮವನ್ನು ಯಂತ್ರಕ್ಕೆ ಯಾರಾದರೂ ಕಲಿಸಲೇಬೇಕು. ಕನ್ನಡಕ್ಕೆ ಒಂದು ಹೊಸ ಅಕ್ಷರಮಾದರಿ, ಅಂದರೆ ಫಾಂಟ್, ರೂಪಿಸುವವನು ವರ್ಣಮಾಲೆಯ ಐವತ್ತು ಅಕ್ಷರ ಬರೆದು ಕೈತೊಳೆಯುವಂತಿಲ್ಲ. ಕಾಗುಣಿತ, ಒತ್ತುಗಳೆಲ್ಲ ಸೇರಿ ನೂರಾರು ರೂಪಗಳನ್ನು ಒಂದೇ ಕೈಬರಹದಂತೆ ತೋರುವ ಹಾಗೆ ತಿದ್ದಬೇಕಾಗುತ್ತದೆ.

ಇಂತಹ ಸಾಧನೆಗೆ ಏರಿದವರ ಹಾದಿ ಹೇಗಿತ್ತೆಂದರೆ, ಬಹುಮಟ್ಟಿಗೆ ನಮ್ಮ ಹುಡುಗರು ಆರಂಭಿಸುವಲ್ಲಿಂದಲೇ. ಮಹಾರಾಷ್ಟ್ರದ ಆರ್. ಕೆ. ಜೋಶಿಯವರು (1936–2008) ಜಾಹೀರಾತು ಸಂಸ್ಥೆಯಲ್ಲಿ ದುಡಿದವರು. ಬಳಿಕ ಮುಂಬಯಿಯ ಐ.ಐ.ಟಿ.ಯಲ್ಲಿ ಅಧ್ಯಾಪಕರಾದರು. ವಿಂಡೋಸ್ ಗಣಕಗಳಲ್ಲಿ ಕನ್ನಡಕ್ಕೆ ಒದಗಿದ 'ತುಂಗಾ' ಎಂಬ ಅಕ್ಷರಮಾದರಿ ಅವರ ಕಾಣಿಕೆ. ಕನ್ನಡ ಅವರ ಮನೆಮಾತಲ್ಲದಿದ್ದರೂ ನಮ್ಮಲ್ಲಿ ಅನೇಕರು ಗಣಕದಲ್ಲಿ ಮೊದಲು ಓದಿದ ಕನ್ನಡ ಅವರ ಅಕ್ಷರಗಳಲ್ಲಿಯೇ ಇತ್ತು.

ನಮ್ಮ ನಾಡಿನವರೇ ಆದ, ಇನ್ನೂ ಸಮೀಪದ ನಿದರ್ಶನವೆಂದರೆ ಬೆಂಗಳೂರಿನ ವಿನ್ಯಾಸಕಿ ಶ್ರೀಮತಿ ವೈಷ್ಣವಿ ಮೂರ್ತಿಯವರದು. ಗ್ರಾಫಿಕ್ ವಿನ್ಯಾಸದ ವೃತ್ತಿಯಲ್ಲಿದ್ದುಕೊಂಡೇ ಅಕ್ಷರದ ಕಡೆಗೆ ಮನಸ್ಸನ್ನು ತಿರುಗಿಸಿದವರು. ಸ್ಪೇನಿನ ಹ್ವಾನ್ ಲೂಯಿಸ್ ಬ್ಲಾಂಕೊ ಎಂಬುವರೊಡನೆ ಕೂಡಿ ಅವರು ರೂಪಿಸಿದ 'ಅಕಾಯ ಕನಡಕ' ಎಂಬ ಮಾದರಿ ಗೂಗಲ್ ಫಾಂಟ್ಸ್ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ತಾವರಗೇರಾದ ಹುಡುಗನೊಬ್ಬ ತನ್ನ ಅಂಗಡಿಯ ಲಗ್ನಪತ್ರಿಕೆಗೆ ಅದನ್ನು ಈ ಕ್ಷಣವೇ ಬಳಸಬಹುದು. ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಓಲೆಗರಿಗಳ ನಡುವೆ ವಿದ್ಯೆ ಕಲಿತ ನಮ್ಮಂತಹವರಿಗೆ ಅವರ ಇನ್ನೊಂದು ಕೆಲಸ ಹೆಚ್ಚಿನದೆಂದು ತೋರುತ್ತದೆ. ಕರಾವಳಿ ಮತ್ತು ಮಲೆನಾಡುಗಳಲ್ಲಿ ಶತಮಾನಗಳ ಕಾಲ ಸಂಸ್ಕೃತ ಗ್ರಂಥಗಳನ್ನೂ ಕೆಲವು ತುಳು ಕಾವ್ಯಗಳನ್ನೂ ಬರೆದಿಟ್ಟ ಒಂದು ಲಿಪಿಯುಂಟು. ಕರಾವಳಿಯವರು ಅದನ್ನು ತುಳು ಲಿಪಿ ಎನ್ನುತ್ತಾರೆ, ಮಲೆನಾಡಿನವರು ತಿಗಳಾರಿ ಎನ್ನುತ್ತಾರೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂತಹ ಓಲೆಗಳ ದೊಡ್ಡ ಸಂಗ್ರಹವೇ ಇದೆ. ಓದಬಲ್ಲವರು ವಿರಳರಾಗುತ್ತ ಬಂದರು. ಗಣಕಯಂತ್ರವಾದರೋ ಅಕ್ಷರವನ್ನು ಆಕಾರದಿಂದ ಅರಿಯದು, ಸಂಖ್ಯೆಯಿಂದ ಅರಿಯುತ್ತದೆ. ಜಗತ್ತಿನ ಲಿಪಿಗಳಿಗೆ ಹೀಗೆ ಸಂಖ್ಯೆ ಗೊತ್ತುಮಾಡುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. ಕನ್ನಡಕ್ಕೆ ಅದರಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರಕಿತು. ಈ ಲಿಪಿಗೆ ದೊರಕಿರಲಿಲ್ಲ. ಸಂಖ್ಯೆಯಿಲ್ಲದ ಲಿಪಿಯನ್ನು ಗಣಕದಲ್ಲಿ ಚಿತ್ರವಾಗಿ ಇರಿಸಬಹುದು, ಅಷ್ಟೇ. ಅದರೊಳಗೆ ಒಂದು ಪದವನ್ನು ಹುಡುಕಲು ಬಾರದು.

ವೈಷ್ಣವಿ ಮೂರ್ತಿಯವರು ವಿನೋದ್ ರಾಜನ್ ಎಂಬ ವಿದ್ವಾಂಸರೊಡಗೂಡಿ ಈ ಲಿಪಿಗಾಗಿ ಯೂನಿಕೋಡಿಗೆ ಪ್ರಸ್ತಾವ ಸಲ್ಲಿಸಿದರು. ಒಂದು ಅರ್ಜಿಯಿಂದ ಮುಗಿಯುವ ಕಾರ್ಯ ಇದಲ್ಲ. ಪ್ರತಿಯೊಂದು ಅಕ್ಷರಕ್ಕೂ ಹಸ್ತಪ್ರತಿಯ ಆಧಾರ ತೋರಿಸಬೇಕು. ಒತ್ತು ಎಲ್ಲಿ ಕೂಡುತ್ತದೆ, ಯಾವಾಗ ರೂಪ ಬದಲಿಸುತ್ತದೆ, ಒಬ್ಬ ಲಿಪಿಕಾರನ ಕೈಯ ವಿಶೇಷ ಯಾವುದು, ಲಿಪಿಯ ನಿಯಮ ಯಾವುದು ಎಂಬುದನ್ನು ಬಿಡಿಸಿ ಹೇಳಬೇಕು. ತಜ್ಞರ ಆಕ್ಷೇಪಗಳಿಗೆ ಉತ್ತರವಿತ್ತು ಮತ್ತೆ ತಿದ್ದಿ ಬರೆಯಬೇಕು. ಹೆಸರಿನ ವಿಷಯವಾಗಿಯೂ ಭಿನ್ನಾಭಿಪ್ರಾಯವಿತ್ತು. ಕಡೆಗೆ ಎರಡನ್ನೂ ಕೂಡಿಸಿ 'ತುಳು-ತಿಗಳಾರಿ' ಎಂದೇ ನಿಶ್ಚಯವಾಯಿತು. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ಹೊಸದಾಗಿ ಸೇರಿದ 7 ಲಿಪಿಗಳಲ್ಲಿ ಇದೂ ಒಂದು; ಇದಕ್ಕೆ 80 ಸಂಕೇತಗಳು ದೊರೆತಿವೆ. ವಿನ್ಯಾಸದ ವೃತ್ತಿಯವರೊಬ್ಬರು ಪಂಡಿತರು ಮಾಡಬೇಕಾದ ಕೆಲಸವನ್ನು ಹೊತ್ತು ದಡ ಮುಟ್ಟಿಸಿದ್ದಾರೆ. ಪಂಡಿತವರ್ಗಕ್ಕೆ ಸೇರಿದ ನಾವು ಇದನ್ನು ಸ್ವಲ್ಪ ಸಂಕೋಚದಿಂದಲೇ ಬರೆಯಬೇಕಾಗಿದೆ.

ಅಕ್ಷರದ ಕಾಯಕವು ನಮ್ಮ ಮನೆತನಗಳಿಗೆ ಹೊರಗಿನದೇನಲ್ಲ. ಡಾ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ವಚನದ ಓಲೆಗಳನ್ನು ಕೂಡಿಹಾಕಿದ್ದನ್ನು ಎಲ್ಲರೂ ನೆನೆಯುತ್ತೇವೆ. ಅವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಅಚ್ಚಿನ ಮೊಳೆ ಇಲ್ಲದಿದ್ದರೆ ಓಲೆಯ ಮಾತು ಮನೆಮನೆಗೆ ಬರುತ್ತಿರಲಿಲ್ಲ. ಇನ್ನು ನಮ್ಮ ಜಿಲ್ಲೆಯ ಮಾತು ಹೇಳುವುದಾದರೆ, ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಾಲದ ಬ್ರಾಹ್ಮೀ ಅಕ್ಷರಗಳಿವೆ. ಕಿನ್ನಾಳದ ಚಿತ್ರಗಾರರು ಹಗುರವಾದ ಕಟ್ಟಿಗೆಯ ಬೊಂಬೆಗೆ ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟವನ್ನು ಮೆತ್ತಿ, ಹದವಾದ ಮೇಲಷ್ಟೇ ಬಣ್ಣಕ್ಕೆ ಕೈಹಾಕುತ್ತಾರೆ. ಬಣ್ಣದ ಕೆಳಗಿನ ಆ ದುಡಿಮೆ ಕೊಳ್ಳುವವರ ಕಣ್ಣಿಗೆ ಬೀಳದು.

ಮಕ್ಕಳನ್ನು ಈ ದಾರಿಗೆ ಕಳಿಸಲು ಮನಸ್ಸಿದ್ದವರು ಬೆಂಗಳೂರೇ ಗತಿಯೆಂದು ತಿಳಿಯಬೇಕಿಲ್ಲ. ನೆರೆಯ ಗದುಗಿನಲ್ಲಿ ಟಿ. ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರವಿದೆ. ಧಾರವಾಡ, ಕಲಬುರಗಿಗಳಲ್ಲಿಯೂ ಚಿತ್ರಕಲೆಯ ಶಿಕ್ಷಣ ದೊರೆಯುತ್ತದೆ. ಸೇರಿಸುವ ಮುನ್ನ ಅಲ್ಲಿ ಅಕ್ಷರವಿನ್ಯಾಸವನ್ನು ಕಲಿಸುತ್ತಾರೆಯೇ, ಅದನ್ನು ಕನ್ನಡದಲ್ಲಿ ಮಾಡಿಸುತ್ತಾರೆಯೇ ಎಂದು ಕೇಳಿ ತಿಳಿಯುವುದು ಒಳಿತು. ಈಗಾಗಲೇ ಅಂಗಡಿಯಲ್ಲಿ ಕುಳಿತವರಿಗೂ ಒಂದು ಸೂಚನೆ. ಹಳೆಯ ತೆರನ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಗಣಕಕ್ಕೆ ಕಳಿಸಿದೊಡನೆ ಬರಹವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಚೂರುಗಳಾಗುತ್ತದೆ. ಯೂನಿಕೋಡಿನಲ್ಲಿ ಬರೆದಿಟ್ಟ ಲಗ್ನಪತ್ರಿಕೆಗೆ ಈ ಆಪತ್ತಿಲ್ಲ. ಕೆಲವು ಹಳೆಯ ವಿನ್ಯಾಸ ತಂತ್ರಾಂಶಗಳು ಅದರ ಒತ್ತಕ್ಷರಗಳನ್ನು ಮುರಿದುಹಾಕುವುದುಂಟು. ಅಚ್ಚಿಗೆ ಕಳಿಸುವ ಮೊದಲು ಮನೆಯಲ್ಲಿ ಕನ್ನಡ ಚೆನ್ನಾಗಿ ಬಲ್ಲ ಅಜ್ಜನಿಗೋ ಅಜ್ಜಿಗೋ ಒಮ್ಮೆ ಗಟ್ಟಿಯಾಗಿ ಓದಲು ಕೊಟ್ಟರೆ, ವಧುವಿನ ಹೆಸರಿನಲ್ಲಿ ಬಿಟ್ಟುಹೋದ ಒತ್ತು ಅಲ್ಲಿಯೇ ಸಿಕ್ಕಿಬೀಳುತ್ತದೆ.