ದೂರದ ಚೆಂಡಿಗೆ ಕೈ ಚಾಚಬೇಡಿ, ಕಾಲು ಸರಿಸಿ



ಅಹಮದಾಬಾದ್, ವಡೋದರ, ಸೂರತ್‌ನಲ್ಲಿ ನಾವು ವಾಸಿಸುವ ಎಷ್ಟೋ ಸೊಸೈಟಿಗಳ ಕ್ಲಬ್‌ಹೌಸ್‌ನಲ್ಲಿ ಒಂದು ಟೇಬಲ್ ಟೆನಿಸ್ ಮೇಜು ಇದ್ದೇ ಇರುತ್ತದೆ. ಸಂಜೆ ಕೆಲಸ ಮುಗಿಸಿ ಬಂದು ಮಗನ ಜೊತೆ ಎರಡು ಗೇಮ್ ಆಡೋಣ ಎಂದು ನಿಲ್ಲುತ್ತೀರಿ. ಅವನು ಚೆಂಡನ್ನು ನಿಮ್ಮ ಬಲಗಡೆ ಅಂಚಿಗೆ ಬಿಡುತ್ತಾನೆ. ನೀವು ನಿಂತಲ್ಲೇ ಕೈ ಚಾಚುತ್ತೀರಿ. ಎಡವಟ್ಟು ಆಗುವುದು ಅಲ್ಲೇ.

ಕಳೆದ ವರ್ಷ ನಾನೂ ಹಾಗೇ ಚಾಚಿದೆ. ಕಾಲಲ್ಲಿ ಹವಾಯಿ ಚಪ್ಪಲಿ, ಕೆಳಗೆ ನುಣುಪಾದ ಟೈಲ್ಸ್. ಚೆಂಡು ಸಿಕ್ಕಿತು, ಪಾದ ಹೊರಳಿತು. ಮೂರು ವಾರ ಕುಂಟಿದೆ. "ಒಂದು ಪಾಯಿಂಟಿಗೆ ಮೂರು ವಾರವಾ?" ಎಂದು ಮನೆಯವಳು ಈಗಲೂ ಕೇಳುತ್ತಾಳೆ.

ದೇಹದ ಭಾರ ಎರಡೂ ಪಾದಗಳ ನಡುವೆ ಇರುವವರೆಗೆ ನಾವು ಬೀಳುವುದಿಲ್ಲ. ಕೈ, ಭುಜ, ತಲೆ ಎಲ್ಲವೂ ಪಕ್ಕಕ್ಕೆ ವಾಲಿದಾಗ ಭಾರ ಹೊರಗಿನ ಪಾದವನ್ನೂ ದಾಟಿ ಹೋಗುತ್ತದೆ. ಆಗ ಪಾದದ ಗಂಟು ಹೊರಳುತ್ತದೆ, ಇಲ್ಲವೇ ಮಂಡಿ ಒಳಗೆ ತಿರುಚುತ್ತದೆ. ಮೇಜಿನ ಅಗಲ ಬರೀ 1.525 ಮೀಟರ್. ಅಷ್ಟು ಜಾಗಕ್ಕೆ ಓಡಬೇಕಿಲ್ಲ, ಒಂದೆರಡು ಹೆಜ್ಜೆ ಸಾಕು.

ಬಲಗೈಯಲ್ಲಿ ಆಡುವವರಿಗೆ ಹೇಳುತ್ತೇನೆ, ಎಡಗೈಯವರು ತಿರುಗಿಸಿ ಓದಿಕೊಳ್ಳಿ. ಮೇಜಿನ ನಟ್ಟನಡುವೆ ನಿಲ್ಲದೆ ಸ್ವಲ್ಪ ಎಡಕ್ಕೆ ನಿಲ್ಲಿ. ಪಾದಗಳ ನಡುವೆ ಭುಜಕ್ಕಿಂತ ತುಸು ಹೆಚ್ಚು ಅಂತರವಿರಲಿ, ಬಲಪಾದ ಸ್ವಲ್ಪ ಹಿಂದಿರಲಿ. ಮಂಡಿ ಬಾಗಿರಲಿ, ಭಾರ ಹಿಮ್ಮಡಿಯ ಮೇಲೆ ಬೀಳದೆ ಪಾದದ ಮುಂಭಾಗದಲ್ಲಿರಲಿ. ಎದುರಿನವರು ಹೊಡೆಯುವ ಕ್ಷಣಕ್ಕೆ ಸಣ್ಣದಾಗಿ ಪುಟಿಯಿರಿ, ನೆಲ ಬಿಟ್ಟೂ ಬಿಡದ ಹಾಗೆ. ಚೆಂಡು ಹತ್ತಿರವಿದ್ದರೆ ಬಲಗಾಲು ಒಂದು ಹೆಜ್ಜೆ ಹೊರಗೆ ಹೋದರೆ ಸಾಕು. ದೂರವಿದ್ದರೆ ಎಡಗಾಲನ್ನು ಬಲಗಾಲಿನ ಹತ್ತಿರ ತಂದು ಬಲಗಾಲನ್ನು ಮುಂದಕ್ಕೆ ಸರಿಸಿ. ಹೊಡೆದ ಕೂಡಲೇ ಅದೇ ಬಲಗಾಲಿನಿಂದ ನೆಲವನ್ನು ಒತ್ತಿ ಹಿಂದಕ್ಕೆ ಬನ್ನಿ. ಬಹಳ ಜನ ಮರೆಯುವುದು ಈ ಕೊನೆಯದನ್ನೇ. ಕಾಲಿಗೆ ಕಾಲು ಅಡ್ಡ ಹಾಕಿ ಹಾರುವ ಹೆಜ್ಜೆ ಮಕ್ಕಳಿಗಿರಲಿ, ನಲವತ್ತು ದಾಟಿದವರಿಗೆ ಬೇಡ.

ಇಷ್ಟು ಮಾಡಿಯೂ ತಡವಾಯಿತೇ? ಜೋರಾಗಿ ಹೊಡೆಯಲು ಹೋಗಬೇಡಿ. ಚೆಂಡನ್ನು ನಿಧಾನವಾಗಿ, ಎತ್ತರವಾಗಿ ಮೇಜಿನ ಮಧ್ಯಕ್ಕೆ ತಳ್ಳಿ. ಅದು ಹೋಗಿ ಬರುವಷ್ಟರಲ್ಲಿ ನೀವು ಜಾಗಕ್ಕೆ ಬಂದಿರುತ್ತೀರಿ. ಪಾಯಿಂಟ್ ಹೋದರೂ ಹೋಗಲಿ ಬಿಡಿ.

ನಮ್ಮ ಅದೃಷ್ಟಕ್ಕೆ ನಾವಿರುವುದು ಈ ಆಟದ ಊರುಗಳಲ್ಲೇ. ಹರ್ಮೀತ್ ದೇಸಾಯಿ, ಮಾನವ್ ಠಕ್ಕರ್ ಸೂರತ್‌ನವರು, ಮಾನುಷ್ ಶಾ ವಡೋದರದವರು. 2022ರ ರಾಷ್ಟ್ರೀಯ ಕ್ರೀಡಾಕೂಟದ ಟೇಬಲ್ ಟೆನಿಸ್ ನಡೆದದ್ದು ಸೂರತ್‌ನಲ್ಲೇ. ಅಲ್ಲಿ ಹರ್ಮೀತ್ ತಮ್ಮೂರಿನ ಜನರ ಮುಂದೆ ಸಿಂಗಲ್ಸ್ ಚಿನ್ನ ಗೆದ್ದರು. ಇವರ ಪಂದ್ಯಗಳನ್ನು ಯೂಟ್ಯೂಬ್‌ನಲ್ಲಿ ನೋಡುವಾಗ ಐದು ನಿಮಿಷ ಬ್ಯಾಟನ್ನು ಮರೆತು ಬರೀ ಕಾಲುಗಳನ್ನು ನೋಡಿ. ಅಹಮದಾಬಾದಿನಲ್ಲಿ ಅಭ್ಯಾಸ ಮಾಡಿ 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸ್ ಬೆಳ್ಳಿ ಗೆದ್ದ ಭಾವಿನಾ ಪಟೇಲ್ ಆಡುವುದು ಗಾಲಿಕುರ್ಚಿಯಲ್ಲಿ. ಗಾಲಿಕುರ್ಚಿಯ ಆಟದಲ್ಲಿ ಬ್ಯಾಟ್ ಹಿಡಿಯದ ಕೈಗೂ ಸಮತೋಲ ಕಾಯುವ ಕೆಲಸವಿರುತ್ತದೆ. ನಿಮ್ಮ ಎಡಗೈಯೂ ಜೋತು ಬೀಳದಿರಲಿ, ಬಾಗಿ ಮುಂದಿರಲಿ.

ಅಭ್ಯಾಸಕ್ಕೆ ಮೇಜು ಬೇಕಿಲ್ಲ. ಅಡುಗೆಮನೆ ಕಟ್ಟೆ ಕೈಗೆಟಕುವ ಹಾಗೆ ನಿಂತು ಒಂದೊಂದು ಕಾಲಿನ ಮೇಲೆ ಮೂವತ್ತು ಸೆಕೆಂಡ್ ನಿಲ್ಲಿ, ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ. ಒಂದೂವರೆ ಮೀಟರ್ ಅಂತರದಲ್ಲಿ ಎರಡು ಪುಸ್ತಕ ಇಟ್ಟು ಅವುಗಳ ನಡುವೆ ಇಪ್ಪತ್ತು ಸೆಕೆಂಡ್ ಪಕ್ಕಹೆಜ್ಜೆ ಹಾಕಿ, ಸುಧಾರಿಸಿಕೊಂಡು ಮತ್ತೆ ನಾಲ್ಕು ಸಲ. ಊರಲ್ಲಿ ಕುಂಟೆಬಿಲ್ಲೆ ಆಡಿದವರಿಗೆ, ನವರಾತ್ರಿಯಲ್ಲಿ ಗರ್ಬಾ ಆಡುವವರಿಗೆ ಇದು ಬೇಗ ಕೈವಶವಾಗುತ್ತದೆ. ಕೈವಶ ಅಲ್ಲ, ಕಾಲ್ವಶ!

ಬೂಟಿನ ಬಗ್ಗೆ ಒಂದು ಮಾತು. ಓಟದ ಬೂಟಿನ ಹಿಮ್ಮಡಿ ದಪ್ಪ, ನೇರ ಓಡಲು ಮಾಡಿದ್ದು. ಪಕ್ಕಕ್ಕೆ ಸರಿದಾಗ ಹೊರಳುತ್ತದೆ. ತಳ ಚಪ್ಪಟೆಯಾಗಿರುವ ಬ್ಯಾಡ್ಮಿಂಟನ್ ಬೂಟು ಒಳ್ಳೆಯದು. ಸೂರತ್‌ನ ಸೆಕೆಯಲ್ಲಿ ಬೆವರು ನೆಲಕ್ಕೆ ತೊಟ್ಟಿಕ್ಕುತ್ತದೆ, ಒರೆಸಲು ಒಂದು ಬಟ್ಟೆ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು, ತಲೆ ಸುತ್ತುವವರು ಮೊದಲು ವೈದ್ಯರನ್ನು ಕೇಳಿ.

ಕಾಲು ಹೊರಳಿದರೆ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡಿ, ಕಾಲು ಎತ್ತರದಲ್ಲಿರಲಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಥವಾ ಗಂಟಿನ ಮೂಳೆ ಮುಟ್ಟಿದರೆ ನೋಯುತ್ತಿದ್ದರೆ ಅದೇ ದಿನ ಎಕ್ಸ್‌ರೇ ಮಾಡಿಸಿ.

ಏನೂ ಆಗಿಲ್ಲದವರು ಈ ಭಾನುವಾರ ಮಗನಿಗೋ ಮಗಳಿಗೋ ಹೇಳಿ, "ಹತ್ತು ಚೆಂಡು ಬಲಕ್ಕೇ ಹಾಕು, ನಿಧಾನವಾಗಿ" ಅಂತ. ಲೆಕ್ಕ ಹಾಕಬೇಕಾದದ್ದು ಎಷ್ಟು ಹೊಡೆದಿರಿ ಎಂದಲ್ಲ, ಹೊಡೆದ ಮೇಲೆ ಎಷ್ಟು ಸಲ ಜಾಗಕ್ಕೆ ವಾಪಸ್ ಬಂದಿರಿ ಎಂದು.