ಕಿತ್ತೂರು 1824: ಆಯುಧದ ಬಲ, ನಾಯಕತ್ವದ ಬಲ

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಬಾಗಿಲಲ್ಲಿ ಸೋತ ಈಸ್ಟ್ ಇಂಡಿಯಾ ಕಂಪನಿಯು ಡಿಸೆಂಬರ್ ಮೊದಲ ವಾರದಲ್ಲಿ ಅದೇ ಕೋಟೆಯನ್ನು ವಶಪಡಿಸಿಕೊಂಡಿತು. ಈ ಆರು ವಾರಗಳಲ್ಲಿ ಕಾಲಾಳುಗಳ ಆಯುಧಗಳೇನೂ ಬದಲಾಗಿರಲಿಲ್ಲವಾದ್ದರಿಂದ, ಸೋಲು ಗೆಲುವುಗಳ ಕಾರಣವನ್ನು ಬಂದೂಕಿನಲ್ಲಷ್ಟೇ ಹುಡುಕಿದರೆ ಸಾಲದು.

ಕಂಪನಿಯ ಸಿಪಾಯಿಯ ಕೈಯಲ್ಲಿದ್ದದ್ದು ಚಕಮಕಿ ಬಂದೂಕು, ಎಂದರೆ ಕಲ್ಲು ಉಕ್ಕಿಗೆ ಬಡಿದಾಗ ಹಾರುವ ಕಿಡಿಯಿಂದ ಮದ್ದು ಹೊತ್ತಿಕೊಳ್ಳುವ ಬಂದೂಕು. ದೇಶೀಯ ಸಂಸ್ಥಾನಗಳ ಪಡೆಗಳಲ್ಲಿ ಕತ್ತಿ, ಗುರಾಣಿ, ಈಟಿಗಳ ಜೊತೆಗೆ ಬಳಕೆಯಲ್ಲಿದ್ದದ್ದು ಉರಿಯುವ ಬತ್ತಿಯನ್ನು ಮದ್ದಿಗೆ ತಾಗಿಸಿ ಹಾರಿಸುವ ಹಳೆಯ ಬಗೆಯ ಬಂದೂಕು. ಚಕಮಕಿ ಬಂದೂಕು ಕೂಡ ಸುಮಾರು ನೂರು ಗಜಗಳಾಚೆ ಗುರಿ ತಪ್ಪುತ್ತಿತ್ತು. ಆದರೆ ಪಳಗಿದ ಸಿಪಾಯಿಗಳು ಸಾಲಾಗಿ ನಿಂತು ನಿಮಿಷಕ್ಕೆ ಎರಡು ಮೂರು ಬಾರಿ ಒಟ್ಟಿಗೆ ಗುಂಡು ಹಾರಿಸಬಲ್ಲವರಾಗಿದ್ದರು. ಕಿತ್ತೂರಿನ ಬಲವಾಗಿದ್ದ ಶೇತಸನದಿಗಳು, ಅಂದರೆ ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ಸೈನಿಕರು, ಕವಾಯತಿನಲ್ಲಿ ಹಿಂದಿದ್ದರೂ ಊರು, ನೆಲ ಮತ್ತು ದೇಸಾಯಿ ಮನೆತನಗಳಿಗೆ ಗಟ್ಟಿಯಾಗಿ ಕಟ್ಟುಬಿದ್ದವರು.

ಕಿತ್ತೂರಿನ ದೇಸಾಯಿ ಮನೆತನವು ವಾರಸಿಕೆಗಾಗಿ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ, ಚಿಕ್ಕ ಪಡೆ ಮತ್ತು ಕುದುರೆ ಫಿರಂಗಿಗಳನ್ನು ನೆಚ್ಚಿ ಕೋಟೆಯ ಸಮೀಪಕ್ಕೇ ಬಂದನು. ರಾಣಿ ಚೆನ್ನಮ್ಮ ಮತ್ತು ಸರದಾರ ಗುರುಸಿದ್ದಪ್ಪನವರ ಪಡೆ ಬಾಗಿಲು ತೆರೆದು ಒಮ್ಮೆಲೇ ಮುನ್ನುಗ್ಗಿದಾಗ, ದೂರದಿಂದ ಹಾರಿಸಬೇಕಾದ ಆಯುಧಗಳು ಕೈಗೆ ಕೈ ತಾಗುವ ಕಾಳಗದಲ್ಲಿ ನಿರುಪಯುಕ್ತವಾದವು. ಥ್ಯಾಕರೆ ಹತನಾದನು; ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಅಧಿಕಾರಿಗಳು ಸೆರೆಯಾದರು.

ಎರಡನೆಯ ಸಲ ಕಮಿಷನರ್ ಚಾಪ್ಲಿನ್ ಆತುರಪಡಲಿಲ್ಲ. ಹಲವು ಕಡೆಗಳಿಂದ ಪಡೆಗಳೂ ಭಾರಿ ಫಿರಂಗಿಗಳೂ ಬಂದು ಸೇರಿದವು. ಸೆರೆಯಾಳುಗಳ ಬಿಡುಗಡೆಯಾದ ಮೇಲೂ ಮುತ್ತಿಗೆ ನಿಲ್ಲಲಿಲ್ಲ. ಸೊಲ್ಲಾಪುರದ ಸಬ್‌ಕಲೆಕ್ಟರ್ ಮನ್ರೊ ಮಡಿದರೂ ಕಂಪನಿಯ ಕಾರ್ಯ ಮುಂದುವರಿಯಿತು. ಏಕೆಂದರೆ ಅಲ್ಲಿ ಒಬ್ಬನ ಸ್ಥಾನಕ್ಕೆ ಇನ್ನೊಬ್ಬನಿದ್ದನು, ಕಳೆದುಕೊಂಡ ಮದ್ದುಗುಂಡಿಗೆ ಬೇರೊಂದು ಉಗ್ರಾಣವಿತ್ತು. ಕಿತ್ತೂರಿಗಾದರೋ ಒಂದೇ ಕೋಟೆ, ಅದರೊಳಗಿನ ದಾಸ್ತಾನು ಮತ್ತು ಬೆರಳೆಣಿಕೆಯ ನಾಯಕರು. ಒಳಗಿನವರೇ ಮದ್ದನ್ನು ಕೆಡಿಸಿದರೆಂಬ ಜನರ ನಂಬಿಕೆಯೂ ಈ ದೌರ್ಬಲ್ಯವನ್ನೇ ಸೂಚಿಸುತ್ತದೆ. 

ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ನಿಧನರಾದರು. ಅದೇ ವರ್ಷ ದಂಗೆ ಎಬ್ಬಿಸಿದ ಕಿತ್ತೂರಿನ ಸೈನಿಕ ಸಂಗೊಳ್ಳಿ ರಾಯಣ್ಣ ಒಂದು ಕೋಟೆಯನ್ನು ನೆಚ್ಚದೆ, ಕಾಡಿನ ಆಸರೆ ಪಡೆದು, ಸರಕಾರಿ ಕಚೇರಿಗಳ ಮೇಲೆ ಹಠಾತ್ತನೆ ಎರಗುವ ಯುದ್ಧಕ್ರಮವನ್ನು ಆರಿಸಿಕೊಂಡನು. ಅವನನ್ನು ಕಂಪನಿಯು ಬಯಲಿನ ಕದನದಲ್ಲಿ ಸೋಲಿಸಲಿಲ್ಲ. 1830ರಲ್ಲಿ ಮೋಸದಿಂದ ಹಿಡಿಸಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿತು. ಬಲಾಢ್ಯ ಫಿರಂಗಿಪಡೆಯುಳ್ಳ ವೈರಿಯನ್ನು ಅವನಿಗೆ ಅನುಕೂಲವಾದ ನೆಲದಲ್ಲಿ ಎದುರಿಸಬಾರದೆಂಬ ಪಾಠವನ್ನು ರಾಯಣ್ಣ ಕಿತ್ತೂರಿನ ಪತನದಿಂದಲೇ ಕಲಿತಂತೆ ತೋರುತ್ತದೆ.