ಯಾವ ಪ್ರತಿ ಅಸಲಿ?

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಗಿನ ಹೊತ್ತು ಹೊರಡುವ ಬಸ್ಸಿನಲ್ಲಿ ಒಮ್ಮೆ ಕುಳಿತು ನೋಡಿ. ಕಾಲೇಜಿನ ಹುಡುಗರು ಕಂಬಿಗೆ ಜೋತುಬಿದ್ದು ವಾದ ಮಾಡುತ್ತಿರುತ್ತಾರೆ. ಕ್ರಿಕೆಟ್ ಇರಬಹುದು, ರಾಜಕೀಯ ಇರಬಹುದು. ಒಮ್ಮೊಮ್ಮೆ ಕಿವಿಗೆ ಬೀಳುವುದು ವಿಜ್ಞಾನ ಕಥೆಯ ಸಿನಿಮಾ.

'ಬ್ಲೇಡ್ ರನ್ನರ್' ಚಿತ್ರದ ಕೊನೆಯಲ್ಲಿ ನಾಯಕ, ನಾಯಕಿ ಹಸಿರು ಬೆಟ್ಟಗಳ ನಡುವೆ ಸುಖವಾಗಿ ಹೋಗುತ್ತಾರೆ ಎಂದು ಒಬ್ಬ. ಅಂಥ ದೃಶ್ಯವೇ ಇಲ್ಲ, ಲಿಫ್ಟ್ ಬಾಗಿಲು ಮುಚ್ಚುತ್ತದೆ, ಕಥೆ ಮುಗಿಯುತ್ತದೆ ಎಂದು ಇನ್ನೊಬ್ಬ. ಯಾರ ಮಾತು ಸರಿ? ಇಬ್ಬರದೂ. 1982ರಲ್ಲಿ ತೆರೆಕಂಡ ಚಿತ್ರದಲ್ಲಿ ಸುಖಾಂತ್ಯವಿತ್ತು, ನಾಯಕನ ಹಿನ್ನೆಲೆ ನಿರೂಪಣೆಯೂ ಇತ್ತು. 1992ರ ನಿರ್ದೇಶಕರ ಆವೃತ್ತಿಯಲ್ಲಿ ಎರಡಕ್ಕೂ ಕತ್ತರಿ ಬಿತ್ತು. 2007ರಲ್ಲಿ ಮತ್ತೊಂದು 'ಅಂತಿಮ' ಆವೃತ್ತಿ ಬಂತು. ಹುಡುಗರು ಒಂದೇ ಹೆಸರಿನ ಎರಡು ಬೇರೆ ಚಿತ್ರ ನೋಡಿ ಜಗಳಕ್ಕೆ ನಿಂತಿದ್ದರು, ಅಷ್ಟೆ.

"ಇದೇ ಹಟವನ್ನು ಲೆಕ್ಕದ ಪುಸ್ತಕದ ಮೇಲೆ ತೋರಿಸಬಾರದೇನೋ?" ಎಂದು ತಾಯಂದಿರು ಕೇಳುವುದು ಸಹಜ. ಆದರೆ ಈ ಜಗಳದೊಳಗೆ ಒಂದಿಷ್ಟು ಲೆಕ್ಕವೂ ಇದೆ, ಇತಿಹಾಸವೂ ಇದೆ.

ಒಂದು ರಾತ್ರಿಯ ಬಾಡಿಗೆ

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮ ದೇಶಕ್ಕೆ ಬಣ್ಣದ ಟೀವಿ ಬಂತು. ಅದರ ಬೆನ್ನಿಗೇ ವೀಡಿಯೊ ಕ್ಯಾಸೆಟ್ ಹರಡಿತು. ಭದ್ರಾವತಿಯ ನ್ಯೂಟೌನ್, ಕಾಗದನಗರದ ಕಾರ್ಖಾನೆ ಮನೆಗಳಲ್ಲಿ ಬೆಳೆದವರಿಗೆ ಆ ರಾತ್ರಿಗಳು ನೆನಪಿರುತ್ತವೆ. ಟೀವಿ, ವಿಸಿಆರ್ ಎರಡನ್ನೂ ಒಂದು ದಿನದ ಬಾಡಿಗೆಗೆ ತಂದು, ಮೂರು ನಾಲ್ಕು ಕ್ಯಾಸೆಟ್ ಹಾಕಿ, ಓಣಿಯ ಮಕ್ಕಳೆಲ್ಲ ಚಾಪೆಯ ಮೇಲೆ. ಮೊದಲು ರಾಜ್‌ಕುಮಾರ್ ಚಿತ್ರ; ಹಿರಿಯರು ಮಲಗಿದ ಮೇಲೆ ಇಂಗ್ಲಿಷ್ ಕ್ಯಾಸೆಟ್.

ಆ ಕ್ಯಾಸೆಟ್‌ಗಳಲ್ಲಿ ಎಷ್ಟೋ ನಕಲಿನ ನಕಲು. ಪ್ರತಿ ನಕಲಿಗೂ ಚಿತ್ರ ಇನ್ನಷ್ಟು ಮಸುಕಾಗುತ್ತಿತ್ತು. ಅಸಲಿ ಕ್ಯಾಸೆಟ್ಟಿನಲ್ಲೂ ಒಂದು ನಷ್ಟವಿತ್ತು. 'ಸ್ಟಾರ್ ವಾರ್ಸ್' (1977) ಚಿತ್ರದ ತೆರೆಯ ಅಗಲ ಅದರ ಎತ್ತರದ ಸುಮಾರು 2.35 ಪಟ್ಟು. ಹಳೆಯ ಟೀವಿಯ ಅಗಲ ಎತ್ತರದ 1.33 ಪಟ್ಟು ಮಾತ್ರ. ಟೀವಿ ಪರದೆ ತುಂಬುವಂತೆ ಮಾಡಲು ಇಕ್ಕೆಲಗಳನ್ನು ಕತ್ತರಿಸಿದರೆ ಚಿತ್ರದ ನೂರಕ್ಕೆ 43 ಭಾಗ ಹೋಯಿತು! ಕತ್ತರಿಸದಿದ್ದರೆ ಮೇಲೆ ಕೆಳಗೆ ಕಪ್ಪು ಪಟ್ಟಿ. "ಟೀವಿ ಕೆಟ್ಟಿದೆ" ಎಂದು ಮನೆಯವರು ಬೈದದ್ದು ಆ ಪಟ್ಟಿಗೇ. ಪೂರ್ತಿ ಚಿತ್ರ ಸಿಕ್ಕಿದ್ದೂ ಆ ಪಟ್ಟಿಯಿಂದಲೇ.

1990ರ ದಶಕದ ಕೊನೆಗೆ ವಿಸಿಡಿ ಬಂತು. ಒಂದು ಬಿಲ್ಲೆಯಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷ. ಆದ್ದರಿಂದ ಒಂದು ಚಿತ್ರಕ್ಕೆ ಎರಡು ಬಿಲ್ಲೆ, ಕೆಲವಕ್ಕೆ ಮೂರು. ಆಮೇಲೆ ಡಿವಿಡಿ, ಈಗ ಕೈಯಲ್ಲಿರುವ ಫೋನು. ಪ್ರತಿ ಸಲವೂ ಅದೇ ಪ್ರಶ್ನೆ: ನಾವು ನೋಡಿದ್ದು ಪೂರ್ತಿ ಚಿತ್ರವೇ?

ಪಾಠಾಂತರದ ಪಾಠ

1997ರಲ್ಲಿ ಜಾರ್ಜ್ ಲ್ಯೂಕಾಸ್ ತಮ್ಮ 'ಸ್ಟಾರ್ ವಾರ್ಸ್' ಚಿತ್ರವನ್ನೇ ತಿದ್ದಿ ಮತ್ತೆ ಬಿಡುಗಡೆ ಮಾಡಿದರು. ಮೂಲದಲ್ಲಿ ಹಾನ್ ಸೋಲೊ ಎಂಬ ಪಾತ್ರ ಎದುರಾಳಿಯನ್ನು ತಾನೇ ಗುಂಡು ಹಾರಿಸಿ ಕೊಲ್ಲುತ್ತದೆ. ತಿದ್ದಿದ ಪ್ರತಿಯಲ್ಲಿ ಎದುರಾಳಿಯ ಗುಂಡೇ ಮೊದಲು ಹಾರುತ್ತದೆ. ಕ್ಷಣಾರ್ಧದ ಬದಲಾವಣೆ, ಪಾತ್ರದ ಸ್ವಭಾವವೇ ಬೇರೆಯಾಯಿತು. ಅಭಿಮಾನಿಗಳು ಇಂದಿಗೂ ಅದನ್ನು ಮರೆತಿಲ್ಲ.

ಇದು ನಮಗೆ ಹೊಸದೇನಲ್ಲ. ಓಲೆಗರಿಯ ಕಾವ್ಯಗಳನ್ನು ಅಚ್ಚಿಗೆ ತಂದ ವಿದ್ವಾಂಸರು ಮಾಡಿದ್ದು ಇದೇ ಕೆಲಸ. ನಮ್ಮ ಜಿಲ್ಲೆಯವರೇ ಆದ ಕುವೆಂಪು, ಮಾಸ್ತಿಯವರೊಂದಿಗೆ ಸೇರಿ ಕುಮಾರವ್ಯಾಸ ಭಾರತವನ್ನು ಸಂಪಾದಿಸಿದರು. ಈ ಪ್ರತಿಯಲ್ಲಿ ಈ ಪದ, ಆ ಪ್ರತಿಯಲ್ಲಿ ಆ ಪದ; ಯಾವುದು ಕವಿಯದು, ಯಾವುದು ನಕಲು ಮಾಡಿದವನದು ಎಂದು ತೂಗಿ ನೋಡುವುದೇ ಗ್ರಂಥ ಸಂಪಾದನೆ. ಬಸ್ಸಿನ ಹುಡುಗರು ತಿಳಿಯದೆಯೇ ಅದೇ ಹಾದಿಯಲ್ಲಿದ್ದಾರೆ.

ಕನ್ನಡದಲ್ಲಿ ಯಾಕಿಲ್ಲ?

'ಜುರಾಸಿಕ್ ಪಾರ್ಕ್' 1993ರ ಚಿತ್ರ. ಮರುವರ್ಷ ಅದು ಹಿಂದಿಯಲ್ಲಿ ಮಾತನಾಡುತ್ತ ನಮ್ಮ ದೇಶಕ್ಕೆ ಬಂತು. ಕನ್ನಡದಲ್ಲಿ ಮಾತ್ರ ಬರಲಿಲ್ಲ. ಚಿತ್ರರಂಗದವರ ಬದುಕು, ಭಾಷೆಯ ಸೊಗಡು ಉಳಿಯಬೇಕೆಂದು ದಶಕಗಳ ಹಿಂದೆ ಡಬ್ಬಿಂಗ್ ವಿರುದ್ಧ ನಡೆದ ಹೋರಾಟ ಅಲಿಖಿತ ನಿಷೇಧವಾಗಿ ನಿಂತಿತ್ತು. ಅದಕ್ಕೆ ಅದರದೇ ಕಾರಣಗಳಿದ್ದವು. ಆದರೆ ವಂಶವಾಹಿ, ತದ್ರೂಪು ಸೃಷ್ಟಿ ಎಂಬ ವಿಚಾರಗಳನ್ನು ತೆರೆಯ ಮೇಲೆ ಕಂಡ ನಮ್ಮ ಮಕ್ಕಳು ಅವನ್ನು ತಾಯ್ನುಡಿಯಲ್ಲಿ ಕೇಳಲಿಲ್ಲ ಎಂಬುದೂ ನಿಜ. ಇಂಗ್ಲಿಷ್ ಬಲ್ಲ ಅಣ್ಣನೊಬ್ಬ ಪಕ್ಕದಲ್ಲಿ ಕುಳಿತು ಕಥೆ ಹೇಳಬೇಕಿತ್ತು.

ಡಬ್ಬಿಂಗ್‌ಗೆ ಅಡ್ಡಿಪಡಿಸುವುದು ಕಾನೂನಿಗೆ ವಿರುದ್ಧ ಎಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೇಳಿತು. 2022ರಲ್ಲಿ 'ಅವತಾರ್' ಸರಣಿಯ ಎರಡನೆಯ ಚಿತ್ರ ಕನ್ನಡದಲ್ಲೂ ತೆರೆಕಂಡಿತು. 2024ರಲ್ಲಿ ಕಾಲಪ್ರಯಾಣವನ್ನೇ ಕಥೆಯಾಗಿಸಿಕೊಂಡ 'ಬ್ಲಿಂಕ್' ಎಂಬ ಕನ್ನಡದ್ದೇ ಚಿತ್ರ ಬಂತು. ಡಬ್ಬಿಂಗ್ ಬೇಕೇ, ನಮ್ಮದೇ ಕಥೆ ಬೇಕೇ ಎಂಬ ಚರ್ಚೆ ಮುಗಿದಿಲ್ಲ. ಎರಡೂ ಬೇಕು ಎನ್ನುವವರೂ ಉಂಟು.

ಜಗಳಕ್ಕೊಂದು ಶಿಸ್ತು

ಸಿನಿಮಾ ನೋಡಿ ಚರ್ಚಿಸುವುದನ್ನು ಈ ಜಿಲ್ಲೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ನೀನಾಸಮ್ ಚಿತ್ರಸಮಾಜದ ಮೂಲಕ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯವರಿಗೆ ತೋರಿಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೋಡುವುದರಷ್ಟೇ ನೋಡಿದ ಮೇಲೆ ಮಾತನಾಡುವುದೂ ಮುಖ್ಯ ಎಂಬುದು ಅಲ್ಲಿನ ಪಾಠ.

ಪಾಲಕರು ಮಾಡಬಹುದಾದದ್ದು ಇಷ್ಟೆ: ವಾದವನ್ನು ನಿಲ್ಲಿಸಬೇಡಿ, ಪುರಾವೆ ಕೇಳಿ. ಯಾವ ವರ್ಷದ ಪ್ರತಿ? ಎಷ್ಟು ನಿಮಿಷದ್ದು? ಅದರಲ್ಲಿರುವ ವಿಜ್ಞಾನ ಎಷ್ಟು ನಿಜ? ಸಾವಿರಾರು ವರ್ಷ ಹಳೆಯ ಮೋವಾ ಹಕ್ಕಿಯ ಮೂಳೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವುಗಳಲ್ಲಿ ಡಿಎನ್‌ಎ ಸುಮಾರು 521 ವರ್ಷಕ್ಕೊಮ್ಮೆ ಅರ್ಧದಷ್ಟು ನಶಿಸುತ್ತದೆ ಎಂದು 2012ರಲ್ಲಿ ಲೆಕ್ಕ ಹಾಕಿದರು. ಡೈನೊಸಾರ್‌ಗಳು ಅಳಿದು 6.6 ಕೋಟಿ ವರ್ಷವಾಯಿತು. 'ಜುರಾಸಿಕ್ ಪಾರ್ಕ್' ನಡೆಯುವ ಮಾತೇ? ಮಕ್ಕಳೇ ಲೆಕ್ಕ ಮಾಡಿ ಹೇಳಲಿ.

ಉಳಿದದ್ದು, ಅಳಿದದ್ದು

ಪ್ರತಿಗಳ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಇಲ್ಲದಿದ್ದರೆ ಏನಾಗುತ್ತದೆ? 1927ರ ಜರ್ಮನ್ ವಿಜ್ಞಾನ ಚಿತ್ರ 'ಮೆಟ್ರೊಪೊಲಿಸ್' ತೆರೆಕಂಡ ಕೆಲವೇ ತಿಂಗಳಲ್ಲಿ ಕತ್ತರಿಗೆ ಸಿಕ್ಕಿತು. ಕಳೆದುಹೋದ ಸುಮಾರು 25 ನಿಮಿಷದ ಭಾಗ 2008ರಲ್ಲಿ ದೂರದ ಅರ್ಜೆಂಟೀನಾದ ಒಂದು ಸಂಗ್ರಹಾಲಯದಲ್ಲಿ ಸಿಕ್ಕಿತು. ಬ್ರಿಟನ್ನಿನ ಬಿಬಿಸಿ ಸಂಸ್ಥೆ 'ಡಾಕ್ಟರ್ ಹೂ' ಸರಣಿಯ ಹಳೆಯ ಟೇಪುಗಳನ್ನು ಅಳಿಸಿಹಾಕಿತ್ತು. ಹತ್ತಿರ ಹತ್ತಿರ 100 ಕಂತುಗಳ ಚಿತ್ರ ಇಲ್ಲವಾದರೂ ಧ್ವನಿ ಉಳಿದಿದೆ. ಕಾರಣ, ಅಭಿಮಾನಿಗಳು ಮನೆಯಲ್ಲಿ ಟೀವಿಯ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಧ್ವನಿಮುದ್ರಿಸಿಕೊಂಡಿದ್ದರು!

ನಮ್ಮ ಕಥೆ ನೋಡಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಯಾವ ಪ್ರತಿ ಅಸಲಿ ಎಂದು ಜಗಳವಾಡುವ ಭಾಗ್ಯವೂ ನಮಗಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಲು ಹೆಚ್ಚು ವರ್ಷ ಬೇಡ. ನಿಮ್ಮ ಅಟ್ಟದ ಮೇಲೂ ಒಂದೆರಡು ಕ್ಯಾಸೆಟ್ ಇರಬಹುದು: ಅಕ್ಕನ ಮದುವೆ, ಶಾಲೆಯ ವಾರ್ಷಿಕೋತ್ಸವ, ಅಜ್ಜ ಮಾತನಾಡಿದ ಎರಡು ನಿಮಿಷ. ಅದಕ್ಕೆ ಬೇರೆ ಪ್ರತಿ ಇಲ್ಲ. ಈ ಭಾನುವಾರ ಅದನ್ನು ಕೆಳಗಿಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಕಂಪ್ಯೂಟರಿಗೆ ಇಳಿಸಿಕೊಡುವವರ ಬಳಿ ಕೊಡಿ. ಪ್ರತಿಗಳ ಬಗ್ಗೆ ಜಗಳವಾಡುವ ಆ ಹುಡುಗನಿಗೇ ಈ ಕೆಲಸ ವಹಿಸಿ ನೋಡಿ. ಇಲ್ಲವೆನ್ನಲಾರ.